ಹಾಲುಹಲ್ಲಿನ ಎಡೆ

ಸಂಸ್ಕೃತದಲ್ಲಿ ಹಲ್ಲಿಗೆ 'ದ್ವಿಜ'ವೆಂದು ಒಂದು ಹೆಸರುಂಟು. ಬಾಲ್ಯದಲ್ಲಿ ಅಮರಕೋಶವನ್ನು ಉರುಹೊಡೆದವರಿಗೆ ಈ ಶಬ್ದವು ಬ್ರಾಹ್ಮಣ, ಪಕ್ಷಿ, ದಂತ ಎಂಬ ಮೂರು ಅರ್ಥಗಳನ್ನೂ ಕೊಡುವುದೆಂಬುದು ಗೊತ್ತೇ ಇದೆ. ಹಕ್ಕಿಯು ಮೊದಲು ಮೊಟ್ಟೆಯಾಗಿ ಆಮೇಲೆ ಮರಿಯಾಗಿ ಹುಟ್ಟುವಂತೆ ಹಲ್ಲು ಕೂಡ ಮೊದಲು ಹಾಲುಹಲ್ಲಾಗಿ ಹುಟ್ಟಿ, ಬಿದ್ದು, ಮತ್ತೆ ಹುಟ್ಟುತ್ತದೆ. ಹೆಸರಿಟ್ಟವರ ಸೂಕ್ಷ್ಮದೃಷ್ಟಿಯನ್ನು ಮೆಚ್ಚಲೇಬೇಕು. ಆದರೆ ಈ ಹೆಸರಿನಿಂದಲೇ ನಮ್ಮ ಮನೆಗಳಲ್ಲಿ ಒಂದು ಬಗೆಯ ಉದಾಸೀನವೂ ಬೆಳೆದು ಬಂದಿದೆಯೇನೋ ಎಂದು ನನಗೆ ಆಗಾಗ ತೋರುವುದುಂಟು. ಎರಡನೆಯ ಜನ್ಮವು ನಿಶ್ಚಯವಾಗಿರುವಾಗ ಮೊದಲನೆಯದು ಹೇಗಿದ್ದರೇನು, ಎಷ್ಟು ದಿವಸವಿದ್ದರೇನು, ಎಂಬ ಭಾವನೆ ಮಕ್ಕಳ ಹಲ್ಲಿನ ವಿಷಯದಲ್ಲಿ ಹಿರಿಯರಿಗೆ ಬಹು ಸುಲಭವಾಗಿ ಬಂದುಬಿಡುತ್ತದೆ.

ಮಗುವಿನ ಮೊದಲ ಹಲ್ಲು ಬಿದ್ದ ದಿವಸ ಮನೆಯಲ್ಲಿ ಒಂದು ಪುಟ್ಟ ಹಬ್ಬವೇ ಸರಿ. ಬಿದ್ದ ಹಲ್ಲನ್ನು ಸಗಣಿಯುಂಡೆಯಲ್ಲಿ ಹುದುಗಿಸಿ, ಹೆಂಚಿನ ಮೇಲಕ್ಕೆ ಎಸೆದು, ಹೊಸ ಹಲ್ಲು ಬೇಗ ಬರಲೆಂದು ಕೇಳಿಕೊಳ್ಳುವ ಪದ್ಧತಿಯನ್ನು ನಮ್ಮಲ್ಲಿ ಅನೇಕರು ಬಲ್ಲರು. ಈಗ ಹೆಂಚಿನ ಮಾಡು ಅಪರೂಪವಾಗಿದೆ; ಸಗಣಿ ಅದಕ್ಕಿಂತಲೂ ಅಪರೂಪ. ಆದರೂ ಆ ಸಂತೋಷ ಹಾಗೆಯೇ ಉಳಿದಿದೆ. ಕಾಲಕ್ಕೆ ಸರಿಯಾಗಿ ಬಿದ್ದ ಹಲ್ಲಿಗೆ ಈ ಸಂತೋಷ ಯೋಗ್ಯವಾದುದೇ. ಅದರ ಕೆಳಗೆ ಬೆಳೆಯುತ್ತಲಿರುವ ಹೊಸ ಹಲ್ಲು ಹಳೆಯದರ ಬೇರನ್ನು ಮೆಲ್ಲಮೆಲ್ಲನೆ ಕರಗಿಸಿ, ಅದನ್ನು ಸಡಿಲಗೊಳಿಸಿ, ತಾನು ಮೇಲೇರಿ ಬರುತ್ತದೆ. ಕೊಡುವವನು ಕೊಟ್ಟು ತೆರಳುವ ಹೊತ್ತಿಗೆ ತೆಗೆದುಕೊಳ್ಳುವವನು ಬಾಗಿಲಲ್ಲಿ ನಿಂತಿರುತ್ತಾನೆ. ಆದರೆ ಹುಳುಕಿನಿಂದಲೋ ಪೆಟ್ಟಿನಿಂದಲೋ ಕಾಲಕ್ಕೆ ಎಷ್ಟೋ ಮುಂಚೆ ಹೊರಟುಹೋದ ಹಲ್ಲಿನ ಕಥೆ ಬೇರೆ. ಆ ಕಥೆಯನ್ನು ನಾನು ನಮ್ಮ ಮನೆಯಲ್ಲಿಯೇ ಐದು ವರುಷಗಳ ಕಾಲ ನೋಡಿದವನಾದುದರಿಂದ, ಮಕ್ಕಳೊಂದಿಗರಾದ ಗೃಹಸ್ಥರ ಮುಂದೆ ಅದನ್ನು ಇಡುವುದು ಅನುಚಿತವಾಗಲಾರದೆಂದು ನಂಬಿದ್ದೇನೆ.

೨೦೧೯ರ ಶ್ರಾವಣ ಮಾಸದಲ್ಲಿ ನನ್ನ ಮೊಮ್ಮಗಳ ಎಡಗೆನ್ನೆ ಊದಿಕೊಂಡಿತು. ಅವಳಿಗೆ ಆಗ ಆರೂವರೆ ವರುಷ. ಎರಡು ರಾತ್ರಿ ಮಗುವೂ ಮಲಗಲಿಲ್ಲ, ಮನೆಯವರೂ ಮಲಗಲಿಲ್ಲ. ಮೂರನೆಯ ದಿನ ದಂತವೈದ್ಯರು ಕ್ಷಕಿರಣದ ಚಿತ್ರವನ್ನು ತೆಗೆದು ನೋಡಿ, ಕೆಳದವಡೆಯ ಎಡಭಾಗದಲ್ಲಿ ಎರಡನೆಯ ಹಾಲುದವಡೆಹಲ್ಲು ಹುಳುಕಿ, ಕೀವು ಬೇರಿನ ನಡುವಣ ಎಲುಬನ್ನೂ ತಿಂದಿರುವುದಾಗಿ ತೋರಿಸಿದರು. ಹಲ್ಲನ್ನು ಉಳಿಸುವ ಹಂತ ದಾಟಿತ್ತು. ಕೀವು ಇಳಿದ ಬಳಿಕ, ಮರಗಟ್ಟುವ ಮದ್ದನ್ನು ಕೊಟ್ಟು ಹಲ್ಲನ್ನು ತೆಗೆದರು. ಮಗು ನಾವು ಅಂಜಿದಷ್ಟು ಅಳಲಿಲ್ಲ. ಕಥೆ ಇಲ್ಲಿಗೆ ಮುಗಿಯಿತೆಂದು ನನ್ನ ಸೊಸೆ ಕೈಚೀಲವನ್ನು ತೆಗೆದುಕೊಂಡು ಎದ್ದಳು. ಆಗ ವೈದ್ಯರು, "ಇನ್ನೊಂದು ಮಾತಿದೆ, ಕೂತುಕೊಳ್ಳಿ. ಈ ಜಾಗವನ್ನು ಸುಮಾರು ಐದು ವರ್ಷ ಕಾಯಬೇಕು" ಎಂದರು.

ಕಾಯುವುದಕ್ಕಾಗಿ ಅವರು ಹೇಳಿದ ಸಾಧನದ ಹೆಸರು ಸ್ಪೇಸ್ ಮೈಂಟೇನರ್. ನಾನು ನನ್ನ ಬಳಕೆಗಾಗಿ ಅದನ್ನು 'ಎಡೆಗಾವಲು' ಎಂದು ಕರೆದುಕೊಂಡಿದ್ದೇನೆ. ಮನೆಗೆ ಬಂದು ಈ ಮಾತನ್ನು ಹೇಳಿದಾಗ, ಆಗ ನಮ್ಮಲ್ಲಿಗೆ ಬಂದಿದ್ದ ನನ್ನ ಅಕ್ಕ ನಕ್ಕುಬಿಟ್ಟಳು. "ಏನಪ್ಪಾ ಇದು, ಉದುರುವ ಹಲ್ಲಿಗೂ ಕಾವಲೇ? ನಮಗೆಲ್ಲ ಯಾರು ತಂತಿ ಕಟ್ಟಿಸಿದ್ದರು?" ಎಂದಳು. ಅಕ್ಕನ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ಎಂಟು ಮಕ್ಕಳ ಮನೆಯಲ್ಲಿ ಹಿರಿಯಳಾಗಿ ಬೆಳೆದವಳು. ನಮ್ಮೆಲ್ಲರ ಹಲ್ಲುಗಳೂ ಅವಳ ಕಣ್ಣೆದುರಿನಲ್ಲಿಯೇ ಬಿದ್ದು ಹುಟ್ಟಿದ್ದವು. ನನ್ನ ಮಗನಿಗೋ ಖರ್ಚಿನ ಯೋಚನೆ. ಸೊಸೆಗೆ ಮಗುವಿನ ಬಾಯಲ್ಲಿ ಲೋಹವನ್ನು ಇಡುವುದರ ಅಂಜಿಕೆ. ಮೂವರ ಆಕ್ಷೇಪಕ್ಕೂ ಅರ್ಥವಿತ್ತು. ನಾನು ಮರುದಿನ ಒಬ್ಬನೇ ಹೋಗಿ, ವೈದ್ಯರನ್ನು ಅರ್ಧ ಗಂಟೆ ಕೇಳಿ, ತಿಳಿದುಕೊಂಡು ಬಂದೆನು. ಆಮೇಲೆ ಓದಿಯೂ ನೋಡಿದೆನು. ತಿಳಿದದ್ದು ಇಷ್ಟು.

ಮಗುವಿಗೆ ಹಾಲುಹಲ್ಲುಗಳು ಇಪ್ಪತ್ತು: ಬಾಯಿಯ ಒಂದೊಂದು ಪಾಲಿಗೆ ಎರಡು ಬಾಚಿಹಲ್ಲು, ಒಂದು ಕೋರೆಹಲ್ಲು, ಎರಡು ದವಡೆಹಲ್ಲು. ಬಾಚಿಹಲ್ಲುಗಳು ಆರೇಳು ವರುಷಕ್ಕೆ ಉದುರತೊಡಗುತ್ತವೆ. ಆದರೆ ದವಡೆಹಲ್ಲುಗಳ ಸೇವೆ ಅಷ್ಟು ಬೇಗ ಮುಗಿಯುವುದಿಲ್ಲ. ಅವುಗಳ ಸ್ಥಾನಕ್ಕೆ ಬರಬೇಕಾದ ಕಿರುದವಡೆಹಲ್ಲುಗಳು ಹೊರಡುವುದು ಸಾಮಾನ್ಯವಾಗಿ ಹತ್ತರಿಂದ ಹನ್ನೆರಡು ವರುಷಗಳ ನಡುವೆ. ಅಂದರೆ 'ಉದುರುವ ಹಲ್ಲು' ಎಂದು ನಾವು ಹಗುರವಾಗಿ ಕಾಣುವ ಈ ಹಲ್ಲು ಎರಡನೆಯ ತರಗತಿಯಿಂದ ಆರನೆಯ ತರಗತಿಯವರೆಗೂ ಮಗುವಿಗೆ ಅನ್ನವನ್ನು ಅಗಿದು ಕೊಡಬೇಕಾದುದು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ಮಗುವಿಗೆ ಆರು ವರುಷವಾಗುವ ಹೊತ್ತಿಗೆ ಹಾಲುಹಲ್ಲುಗಳೆಲ್ಲದರ ಹಿಂದೆ, ಯಾವ ಹಲ್ಲೂ ಬೀಳದೆಯೇ, ಒಂದು ದೊಡ್ಡ ದವಡೆಹಲ್ಲು ಮೂಡುತ್ತದೆ. ಇದು ದ್ವಿಜವಲ್ಲ, ಒಂದೇ ಸಲ ಹುಟ್ಟುವ ಹಲ್ಲು. ಹಲ್ಲು ಬಿದ್ದುದನ್ನು ಕಾಣದ ಕಾರಣ ಎಷ್ಟೋ ಮಂದಿ ತಾಯಿತಂದೆಗಳು ಇದನ್ನೂ ಹಾಲುಹಲ್ಲೆಂದೇ ಭಾವಿಸುತ್ತಾರೆ. ಹಲ್ಲುಗಳ ಜೋಡಣೆಯ ಶಾಸ್ತ್ರವನ್ನು ವ್ಯವಸ್ಥೆಗೊಳಿಸಿದ ಅಮೆರಿಕದ ಎಡ್ವರ್ಡ್ ಆಂಗಲ್ ೧೮೯೯ರಲ್ಲಿ ವಕ್ರದಂತಗಳನ್ನು ವರ್ಗೀಕರಿಸಿದಾಗ, ಮೇಲಿನ ಮತ್ತು ಕೆಳಗಿನ ಈ ಹಲ್ಲುಗಳ ಹೊಂದಾಣಿಕೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡನು. ಈ ಹಲ್ಲಿಗೆ ಮುಂದಕ್ಕೆ ಸರಿಯುವ ಸ್ವಭಾವವುಂಟು. ಅದನ್ನು ಅದರ ನೆಲೆಯಲ್ಲಿ ನಿಲ್ಲಿಸಿರುವುದು ಮುಂದೆ ನಿಂತಿರುವ ಎರಡನೆಯ ಹಾಲುದವಡೆಹಲ್ಲು.

ಇದನ್ನು ನಾನು ಅಕ್ಕನಿಗೆ ಪಂಕ್ತಿಯ ಊಟದ ದೃಷ್ಟಾಂತದಿಂದ ಹೇಳಿದೆನು. ಮದುವೆಮನೆಯಲ್ಲಿ ಎಲೆ ಹಾಕಿ ಎಲ್ಲರೂ ಒತ್ತೊತ್ತಾಗಿ ಕುಳಿತಿದ್ದಾರೆ. ನಡುವೆ ಒಬ್ಬರು ಬೇಗ ಎದ್ದು ಹೋದರು. ಅವರ ಎಡೆಗೆ ಬರಬೇಕಾದ ನೆಂಟರು ಇನ್ನೂ ರೈಲಿನಲ್ಲಿದ್ದಾರೆ. ಅಕ್ಕಪಕ್ಕದವರಿಗೆ ದುರುದ್ದೇಶವೇನೂ ಇಲ್ಲ. ಆದರೂ ಮೊಣಕಾಲು ಚಾಚಿಕೊಳ್ಳಲು ಸ್ವಲ್ಪ ಈಚೆಗೆ, ಎಲೆ ಸರಿಪಡಿಸಿಕೊಳ್ಳಲು ಸ್ವಲ್ಪ ಆಚೆಗೆ ಸರಿಯುತ್ತಾರೆ. ನೆಂಟರು ಬಂದು ನಿಂತಾಗ ಪಂಕ್ತಿಯಲ್ಲಿ ಎಲೆ ಹಾಕಲು ಸ್ಥಳವೇ ಇಲ್ಲ. ಒಂದೋ ಅವರು ಪಂಕ್ತಿಯಿಂದ ಹೊರಗೆ ಮೂಲೆಯಲ್ಲಿ ಕುಳಿತುಕೊಳ್ಳಬೇಕು. ಇಲ್ಲವೇ ನಿಂತೇ ಇರಬೇಕು. ದಂತಪಂಕ್ತಿಯಲ್ಲಿ ನಡೆಯುವುದೂ ಇದೇ. ಕೆಳದವಡೆಯಲ್ಲಿ ಆರು ವರುಷದ ಹಲ್ಲು ಮುಂದಕ್ಕೆ ವಾಲುತ್ತದೆ; ಮೇಲ್ದವಡೆಯಲ್ಲಿ ಮುಂದಕ್ಕೆ ಸರಿಯುತ್ತ ತಿರುಗಿಕೊಳ್ಳುತ್ತದೆ. ಮುಂದಿನ ಹಲ್ಲುಗಳು ಹಿಂದಕ್ಕೆ ಜರುಗುವುದೂ ಉಂಟು. ಕೊನೆಗೆ ಬರಬೇಕಾದ ಹಲ್ಲು ನಾಲಗೆಯ ಕಡೆಗೋ ಕೆನ್ನೆಯ ಕಡೆಗೋ ಹೊರಡುತ್ತದೆ, ಅಥವಾ ಎಲುಬಿನೊಳಗೆ ಸಿಕ್ಕಿಕೊಂಡು ಉಳಿಯುತ್ತದೆ. ಈ ಸರಿದಾಟವು ಹಲ್ಲನ್ನು ತೆಗೆದ ಮೊದಲ ಆರು ತಿಂಗಳಲ್ಲಿಯೇ ಅತ್ಯಂತ ವೇಗವಾಗಿರುವುದು. ಆದುದರಿಂದಲೇ ವೈದ್ಯರು ನಮ್ಮನ್ನು ಮತ್ತೆ ಕೂರಿಸಿ ಹೇಳಿದ್ದು.

ಇಲ್ಲಿ ಪ್ರಕೃತಿಯ ಒಂದು ಜಾಣ್ಮೆಯನ್ನೂ ಹೇಳಬೇಕು. ಹಾಲುಕೋರೆಹಲ್ಲು ಮತ್ತು ಎರಡು ಹಾಲುದವಡೆಹಲ್ಲುಗಳ ಒಟ್ಟು ಅಗಲವು ಅವುಗಳ ಉತ್ತರಾಧಿಕಾರಿಗಳ ಒಟ್ಟು ಅಗಲಕ್ಕಿಂತ ಸ್ವಲ್ಪ ಹೆಚ್ಚು. ಹೇಸ್ ನ್ಯಾನ್ಸ್ ಎಂಬ ದಂತಶಾಸ್ತ್ರಜ್ಞನು ೧೯೪೭ರಲ್ಲಿ ಪ್ರಕಟಿಸಿದ ಲೆಕ್ಕದ ಮೇರೆಗೆ ಈ ಹೆಚ್ಚಳ ಸರಾಸರಿಯಲ್ಲಿ ಕೆಳದವಡೆಯ ಒಂದೊಂದು ಪಕ್ಕಕ್ಕೆ ೧.೭ ಮಿಲಿಮೀಟರ್, ಮೇಲ್ದವಡೆಯ ಒಂದೊಂದು ಪಕ್ಕಕ್ಕೆ ೦.೯ ಮಿಲಿಮೀಟರ್. ಇದು ಗೃಹಸ್ಥನು ಆಪತ್ಕಾಲಕ್ಕೆಂದು ತೆಗೆದಿಟ್ಟ ಗಂಟಿನ ಹಾಗೆ. ಹಲ್ಲು ಕಾಲಕ್ಕೆ ಮೊದಲು ಹೋದರೆ ಮೊದಲು ಕರಗುವುದು ಈ ಗಂಟು. ಆಮೇಲೆ ಅಸಲಿಗೇ ಕೈ ಬೀಳುತ್ತದೆ.

ನಾನು ಇಷ್ಟು ಹೇಳಿದಾಗ ಮಗನೂ ಸೊಸೆಯೂ ಒಪ್ಪಿದರು. ಅಕ್ಕ ಒಪ್ಪಲಿಲ್ಲ, ಆದರೆ ಸುಮ್ಮನಾದಳು. ಮುಂದಿನ ವಾರದಲ್ಲಿ ಕೆಲಸ ನಡೆಯಿತು. ಅದರ ಕ್ರಮ ಬಹು ಸರಳ. ಆರು ವರುಷದ ಹಲ್ಲಿಗೆ ಅಳತೆ ಸರಿಯಾದ ತೆಳ್ಳನೆಯ ಉಕ್ಕಿನ ಬಳೆಯನ್ನು ತೊಡಿಸಿ ನೋಡಿದರು. ಮೇಣದ ಹಾಗೆ ಮೆತ್ತಗಿರುವ ಒಂದು ಪದಾರ್ಥದಿಂದ ದವಡೆಯ ಅಚ್ಚನ್ನು ತೆಗೆದರು. ಆ ಅಚ್ಚಿನಲ್ಲಿ ಗಾರೆಯನ್ನು ಎರೆದು ಮಾದರಿಯನ್ನು ಮಾಡಿ, ಬಳೆಗೆ ತಂತಿಯ ಕುಣಿಕೆಯೊಂದನ್ನು ಬೆಸೆದು ತಂದರು. ಬಳೆಯನ್ನು ಸಿಮೆಂಟಿನಿಂದ ಹಲ್ಲಿಗೆ ಅಂಟಿಸಿದಾಗ, ಕುಣಿಕೆಯ ತುದಿ ಬಯಲಾದ ಸ್ಥಳವನ್ನು ದಾಟಿ ಮುಂದಿನ ಹಾಲುಹಲ್ಲಿಗೆ ಆನಿಕೊಂಡು ನಿಂತಿತು. ಕುಣಿಕೆಯ ನಡುವೆ ಹೊಸ ಹಲ್ಲು ಏರಿ ಬರುವಷ್ಟು ಅಗಲವಿತ್ತು. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ, ನೋವಿಲ್ಲ. ಒಂದೆರಡು ದಿನ ಮಗುವಿನ ನಾಲಗೆ ಅಲ್ಲಿಗೇ ಹೋಗುತ್ತಿತ್ತು, ಆಮೇಲೆ ಮರೆತೇಹೋಯಿತು. ಇದು ತುಕ್ಕು ಹಿಡಿಯದ ಉಕ್ಕು. ೧೯೧೩ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ ತುಕ್ಕು ಹಿಡಿಯದ ಉಕ್ಕನ್ನು ಎರಕ ಹೊಯ್ದನು. ನಮ್ಮ ಅಡಿಗೆಮನೆಯ ತಟ್ಟೆ ಲೋಟಗಳೂ ಆ ಕುಲಕ್ಕೇ ಸೇರಿದವೆಂದು ಹೇಳಿದಾಗ ಸೊಸೆಯ ಅಂಜಿಕೆ ಅರ್ಧ ಇಳಿಯಿತು.

ಎಲ್ಲ ಮಕ್ಕಳಿಗೂ ಇದೇ ಬಗೆಯೆಂದು ತಿಳಿಯಬಾರದು. ಆರು ವರುಷದ ಹಲ್ಲು ಇನ್ನೂ ವಸಡಿನೊಳಗೇ ಇರುವಾಗ ಎರಡನೆಯ ಹಾಲುದವಡೆಹಲ್ಲು ಹೋದರೆ, ವಸಡಿನೊಳಕ್ಕೆ ಇಳಿದು ಆ ಹಲ್ಲಿಗೆ ದಾರಿ ತೋರುವ ನಾಲಗೆಯುಳ್ಳ ಒಂದು ಸಾಧನವಿದೆ. ಕೆಳದವಡೆಯ ಎರಡು ಪಕ್ಕದಲ್ಲಿಯೂ ಹಲ್ಲು ಹೋಗಿದ್ದರೆ, ಎರಡು ಬಳೆಗಳನ್ನು ಕೂಡಿಸಿ ಹಲ್ಲುಗಳ ಒಳಬದಿಯಲ್ಲಿ ಬಳಸಿ ಬರುವ ಕಮಾನು ತಂತಿಯನ್ನು ಇಡುತ್ತಾರೆ. ಆದರೆ ಕೆಳಗಿನ ಹೊಸ ಬಾಚಿಹಲ್ಲುಗಳು ಹಾಲುಹಲ್ಲುಗಳ ಹಿಂದಿನಿಂದ ಮೂಡುವುದರಿಂದ, ಅವು ಬರುವವರೆಗೆ ಇದನ್ನು ಹಾಕುವುದಿಲ್ಲ. ಮೇಲ್ದವಡೆಗೆ ಅಂಗುಳಿನ ಮೇಲೆ ಗುಂಡಿಯಂತೆ ಕೂರುವ ಕಮಾನೊಂದುಂಟು. ಅದಕ್ಕೆ ಮೇಲೆ ಹೇಳಿದ ನ್ಯಾನ್ಸನ ಹೆಸರೇ ಇದೆ. ತೆಗೆದು ಹಾಕಬಹುದಾದ ಬಗೆಯೂ ಉಂಟು. ಆದರೆ ಮಕ್ಕಳು ಅದನ್ನು ಹಾಕಿಕೊಳ್ಳುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು.

ಹಾಗೆಯೇ, ಬಿದ್ದ ಪ್ರತಿಯೊಂದು ಹಲ್ಲಿಗೂ ಕಾವಲು ಬೇಕೆಂದೂ ಇಲ್ಲ. ಆಟದಲ್ಲಿ ಬಿದ್ದು ಮುಂದಿನ ಹಾಲುಬಾಚಿಹಲ್ಲು ಹೋದರೆ, ಕೋರೆಹಲ್ಲುಗಳು ಬಂದಿರುವ ಮಗುವಿನಲ್ಲಿ ಜಾಗ ಸಾಮಾನ್ಯವಾಗಿ ಮುಚ್ಚಿಹೋಗುವುದಿಲ್ಲ. ಹೊಸ ಹಲ್ಲು ಇನ್ನು ಕೆಲವೇ ತಿಂಗಳಲ್ಲಿ ಬರುವಂತಿದ್ದರೆ ತಂತಿಯ ಅಗತ್ಯವಿಲ್ಲ. ಮೊದಲನೆಯ ಹಾಲುದವಡೆಹಲ್ಲು ಹೋದಾಗ ಆಗುವ ನಷ್ಟವು ಎರಡನೆಯದು ಹೋದಾಗಿನಷ್ಟು ದೊಡ್ಡದಲ್ಲ. ಕೆಲವು ಮಕ್ಕಳಿಗೆ ಕೆಳಗೆ ಹೊಸ ಹಲ್ಲಿನ ಮೊಳಕೆಯೇ ಇರುವುದಿಲ್ಲ. ಆಗ ಯೋಚನೆಯ ದಾರಿಯೇ ಬೇರೆ. ತಂತಿಯ ಸುತ್ತ ಅನ್ನದ ಕಣ ನಿಂತು ಹೊಸ ಹುಳುಕಿಗೆ ಎಡೆಯಾಗುವುದೂ ಉಂಟು. ಆದುದರಿಂದ ಬಲ್ಲ ವೈದ್ಯರು ಮಗುವಿನ ವಯಸ್ಸು, ಕ್ಷಕಿರಣದಲ್ಲಿ ಕಾಣುವ ಹೊಸ ಹಲ್ಲಿನ ಬೇರಿನ ಬೆಳವಣಿಗೆ, ಅದರ ಮೇಲಿರುವ ಎಲುಬು, ಹಲ್ಲುಗಳ ಇಕ್ಕಟ್ಟು, ಬಾಯಿಯ ಶುಚಿತ್ವ ಇವನ್ನೆಲ್ಲ ತೂಗಿ ನೋಡಿಯೇ ಹೇಳುತ್ತಾರೆ. ತೂಗದೆ ಬೇಕೆನ್ನುವವರಿಗೂ, ತೂಗದೆ ಬೇಡವೆನ್ನುವವರಿಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ನಮ್ಮ ಕಾವಲಿಗೂ ಪರೀಕ್ಷೆಯ ಕಾಲ ಬಂದಿತು. ೨೦೨೦ರ ಮಾರ್ಚಿಯಲ್ಲಿ ದೇಶವೇ ಬಾಗಿಲು ಹಾಕಿಕೊಂಡಿತಷ್ಟೆ. ಏಪ್ರಿಲಿನಲ್ಲಿ ಒಂದು ಸಂಜೆ ಮಗು, "ತಾತ, ಬಳೆ ಅಲ್ಲಾಡ್ತಿದೆ" ಎಂದಳು. ವೈದ್ಯರ ಚಿಕಿತ್ಸಾಲಯ ಮುಚ್ಚಿತ್ತು. ಸಡಿಲವಾದ ಬಳೆಯನ್ನು ನುಂಗಿಬಿಟ್ಟರೆ, ಅದಕ್ಕಿಂತಲೂ ಹೆಚ್ಚಾಗಿ ಅದು ಉಸಿರಿನ ನಾಳಕ್ಕೆ ಹೋದರೆ, ಎಂಬ ಭಯ ಮನೆಯವರನ್ನೆಲ್ಲ ಹಿಡಿಯಿತು. ಫೋನಿನಲ್ಲಿ ವೈದ್ಯರು ಧೈರ್ಯ ಹೇಳಿದರು. ಮರುದಿನ ಬಳೆ ತಾನಾಗಿಯೇ ಕಳಚಿದಾಗ ಅದನ್ನು ಡಬ್ಬಿಯಲ್ಲಿ ಜೋಪಾನವಾಗಿ ಇಡಲು ತಿಳಿಸಿದರು. ಏಳು ವಾರಗಳ ತರುವಾಯ ಅವರು ಬಾಗಿಲು ತೆರೆದಾಗ, ಅದೇ ಬಳೆಯನ್ನು ಕೂರಿಸಲು ಹೋದರೆ ಕುಣಿಕೆ ಕೂರಲೊಲ್ಲದು. ಏಳೇ ವಾರದಲ್ಲಿ ಪಂಕ್ತಿ ಕೂದಲೆಳೆಯಷ್ಟು ಸರಿದಿತ್ತು! ಕುಣಿಕೆಯನ್ನು ಸ್ವಲ್ಪ ತಿದ್ದಿ ಮತ್ತೆ ಅಂಟಿಸಿದರು. ದೃಷ್ಟಾಂತದಿಂದ ಒಪ್ಪದ ಮನಸ್ಸು ಇಂಥ ಪ್ರತ್ಯಕ್ಷದಿಂದ ಒಪ್ಪುತ್ತದೆ. ಅಂದಿನಿಂದ ಖರ್ಚಿನ ಮಾತನ್ನು ನನ್ನ ಮಗ ಎತ್ತಲಿಲ್ಲ.

ಆ ಮೇಲೆ ಮನೆಯಲ್ಲಿ ಕೆಲವು ಕಟ್ಟುಪಾಡುಗಳು ಜಾರಿಗೆ ಬಂದವು. ಕಮರಕಟ್ಟು, ಚಿಕ್ಕಿ, ಅಂಟಿನ ಮಿಠಾಯಿ ಇವು ಮಗುವಿಗೆ ನಿಷಿದ್ಧವಾದವು. ಬಳೆಯ ಸಿಮೆಂಟನ್ನು ಎಬ್ಬಿಸುವುದರಲ್ಲಿ ಕಮರಕಟ್ಟಿನಷ್ಟು ನಿಪುಣವಾದುದು ಬೇರೊಂದಿಲ್ಲ. ರಾತ್ರಿ ಹಲ್ಲುಜ್ಜುವಾಗ ಹಿರಿಯರೊಬ್ಬರು ಹತ್ತಿರ ನಿಂತು ಬಳೆಯ ಅಂಚನ್ನು ಉಜ್ಜಿಸಬೇಕು. ಆರು ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಬೇಕು. ಬಳೆ ಸಡಿಲವಾದರೆ ಅದೇ ದಿನ ತಿಳಿಸಬೇಕು.

೨೦೨೧ರ ದೀಪಾವಳಿಗೆ ಅಕ್ಕನ ಮನೆಗೆ ಹೋಗಿದ್ದೆವು. ಅವಳ ಮಗಳ ಮಗನಿಗೆ ಆಗ ಹದಿಮೂರು. ಅವನಿಗೆ ಐದೂವರೆ ವರುಷದಲ್ಲಿ, ಬೇರೊಂದು ಊರಿನಲ್ಲಿ, ಇದೇ ಹಲ್ಲನ್ನು ತೆಗೆಸಿದ್ದರು. ತೆಗೆದವರು ಎಡೆಯ ಮಾತನ್ನೇ ಎತ್ತಿರಲಿಲ್ಲ. ಊಟವಾದ ಮೇಲೆ ಅಕ್ಕ ನನ್ನನ್ನು ಒಳಕೋಣೆಗೆ ಕರೆದು ಒಂದು ಕ್ಷಕಿರಣದ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಿಂದಿನ ದೊಡ್ಡ ಹಲ್ಲು ಗಾಳಿಗೆ ವಾಲಿದ ಬಾಳೆಯಂತೆ ಮುಂದಕ್ಕೆ ಬಾಗಿತ್ತು. ಅದರ ಅಡಿಯಲ್ಲಿ ಬರಬೇಕಾದ ಹಲ್ಲು ತಲೆಯೆತ್ತಲಾರದೆ ನಿಂತಿತ್ತು. "ಈಗ ತಂತಿ ಕಟ್ಟಿ ಹಿಂದಕ್ಕೆ ತಳ್ಳಬೇಕಂತೆ, ಎರಡು ವರ್ಷವಾದರೂ ಆಗುತ್ತದಂತೆ. ಆಮೇಲೂ ಆ ಹಲ್ಲು ಬಂದರೆ ಬಂತು" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗ ಯಾರಾದರೂ ಒಂದು ಮಾತು ಹೇಳಿದ್ದರೆ ಇಷ್ಟು ಪಾಡು ಪಡಿಸುತ್ತಿದ್ದೆವೇನೋ ಆ ಹುಡುಗನನ್ನು?" ಎಂದಳು. ನಾನು ಉತ್ತರ ಕೊಡಲಿಲ್ಲ. ಹುಡುಗನ ಹಲ್ಲನ್ನು ತೆಗೆಸಿದಾಗ ಆ ಮನೆಯವರು ತಮಗೆ ತಿಳಿದಷ್ಟನ್ನು ಮಾಡಿದ್ದರು. ಹೇಳಬೇಕಾದವರು ಹೇಳದಿದ್ದರೆ ಮನೆಯವರಿಗೆ ತಿಳಿಯುವ ದಾರಿ ಯಾವುದು? ಈ ಬರಹವನ್ನು ಬರೆಯಬೇಕೆಂಬ ಸಂಕಲ್ಪ ನನಗೆ ಹುಟ್ಟಿದ್ದು ಆ ಕಿಟಕಿಯ ಬಳಿಯಲ್ಲಿ.

ನಮ್ಮ ಮಗುವಿನ ಕಥೆಯನ್ನು ಮುಗಿಸಿಬಿಡುತ್ತೇನೆ. ೨೦೨೨ರ ಕೊನೆಯಲ್ಲಿ ಕುಣಿಕೆ ಆನಿಕೊಂಡಿದ್ದ ಹಾಲುಹಲ್ಲು ತನ್ನ ಕಾಲ ಬಂದು ಅಲ್ಲಾಡತೊಡಗಿತು. ಆ ಹೊತ್ತಿಗೆ ಕೆಳಗಿನ ನಾಲ್ಕು ಬಾಚಿಹಲ್ಲುಗಳೂ ಬಂದಿದ್ದುದರಿಂದ, ಬಳೆ ಕುಣಿಕೆಯನ್ನು ತೆಗೆದು, ಒಳಬದಿಯ ಕಮಾನು ತಂತಿಯನ್ನು ಇಟ್ಟರು. ೨೦೨೪ರ ಮಾರ್ಗಶಿರದಲ್ಲಿ ಬಯಲಾಗಿದ್ದ ಎಡೆಯ ನಟ್ಟನಡುವೆ ಹೊಸ ಹಲ್ಲಿನ ಬಿಳಿಯ ತುದಿ ಕಾಣಿಸಿತು. ಅದು ಪೂರ್ತಿ ಏರಿದ ಮೇಲೆ ತಂತಿಯನ್ನು ಬಿಚ್ಚಿದರು. ಹಲ್ಲು ಪಂಕ್ತಿಯಲ್ಲಿ ನೆಟ್ಟಗೆ ಕುಳಿತಿದೆ. ಮಗುವಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅವಳಿಗೆ ವಿಶೇಷವೆಂದರೆ ಕಮರಕಟ್ಟಿನ ನಿಷೇಧ ತೀರಿದುದು.

ಆದರೆ ಇಷ್ಟೆಲ್ಲ ಕಾವಲಿಗಿಂತ ಮೇಲಾದ ಕಾವಲೊಂದಿದೆ, ಅದು ಹಾಲುಹಲ್ಲೇ. ಯಾವ ಉಕ್ಕಿನ ತಂತಿಯೂ ಅದರಷ್ಟು ಚೆನ್ನಾಗಿ ಎಡೆಯನ್ನು ಕಾಯಲಾರದು; ತಂತಿ ಅಗಿಯಲಾರದು, ಎದುರು ಹಲ್ಲಿಗೆ ಜೊತೆಯಾಗಲಾರದು. ವಿಶ್ವ ಆರೋಗ್ಯ ಸಂಸ್ಥೆ ೨೦೨೨ರಲ್ಲಿ ಪ್ರಕಟಿಸಿದ ವರದಿಯಂತೆ ಲೋಕದಲ್ಲಿ ೫೧ ಕೋಟಿಗೂ ಹೆಚ್ಚು ಮಕ್ಕಳಿಗೆ ಹಾಲುಹಲ್ಲಿನ ಹುಳುಕಿದೆ. ಹುಳುಕು ಸಣ್ಣದಿರುವಾಗಲೇ ತುಂಬಿಸಿದರೆ, ತಿರುಳಿಗೆ ತಾಗಿದ್ದರೂ ತಿರುಳಿನ ಚಿಕಿತ್ಸೆ ಮಾಡಿಸಿ ಉಕ್ಕಿನ ಕಿರೀಟ ತೊಡಿಸಿದರೆ, ಎಷ್ಟೋ ಹಲ್ಲುಗಳು ತಮ್ಮ ಕಾಲದವರೆಗೂ ಉಳಿಯುತ್ತವೆ. ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ಕೂಸನ್ನು ಮಲಗಿಸದಿರುವುದು, ಹೊತ್ತುಹೊತ್ತಿಗೂ ಸಿಹಿ ಕೊಡದಿರುವುದು, ಫ್ಲೂರೈಡುಳ್ಳ ಪೇಸ್ಟನ್ನು ಮೂರು ವರುಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಅದಕ್ಕೆ ಮೇಲ್ಪಟ್ಟ ಮಗುವಿಗೆ ಬಟಾಣಿಯಷ್ಟು ಹಚ್ಚಿ ದಿನಕ್ಕೆ ಎರಡು ಸಲ ಉಜ್ಜಿಸುವುದು, ಇವು ಯಾವ ಮನೆಗೂ ಅಸಾಧ್ಯವಾದವಲ್ಲ.

ಆದರೂ ಕೆಲವು ಹಲ್ಲುಗಳು ಕಾಲಕ್ಕೆ ಮುಂಚೆ ಹೋಗಿಯೇ ಹೋಗುತ್ತವೆ. ಆಗ ಹಲ್ಲು ತೆಗೆಸಿದ ಕುರ್ಚಿಯಿಂದ ಮಗುವನ್ನು ಎತ್ತಿಕೊಳ್ಳುವ ಮೊದಲು ವೈದ್ಯರನ್ನು ಮೂರು ಮಾತು ಕೇಳಿರಿ. ಈ ಹಲ್ಲಿನ ಕೆಳಗೆ ಹೊಸ ಹಲ್ಲು ಇದೆಯೇ? ಇದ್ದರೆ ಅದು ಬರಲು ಇನ್ನೆಷ್ಟು ಕಾಲ ಬೇಕು? ಅಲ್ಲಿಯವರೆಗೆ ಈ ಎಡೆಯನ್ನು ಕಾಯಬೇಕೇ? ಅವರು ತಾವಾಗಿ ಹೇಳಿದರೆ ಒಳ್ಳೆಯದೇ. ಹೇಳದಿದ್ದರೆ ನೀವೇ ಕೇಳಿರಿ. ಉತ್ತರ 'ಬೇಡ'ವೆಂದಾದರೆ ನಿಶ್ಚಿಂತೆಯಿಂದ ಮನೆಗೆ ಬರಬಹುದು. 'ಬೇಕು' ಎಂದಾದರೆ ತಡಮಾಡಬೇಡಿರಿ; ಮೊದಲ ಆರು ತಿಂಗಳನ್ನು ಯೋಚನೆಯಲ್ಲಿಯೇ ಕಳೆದರೆ ಆಮೇಲೆ ಕಾಯುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ.